ಟೆಂಟ್‌ಗಿಂತ ಮೊದಲು ಗೇಟು

ಶುಕ್ರವಾರ ಸಂಜೆ ಕೆಲಸ ಮುಗಿಸಿ ಬೆಂಗಳೂರು ಬಿಟ್ಟರೆ ರಾತ್ರಿಯೇ ಬಂಡೀಪುರದಾಚೆ ತಮಿಳುನಾಡಿನ ಮಸಿನಗುಡಿಯ ಟೆಂಟ್ ಸೇರಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ನಾನು ಗುಂಡ್ಲುಪೇಟೆ ಕಡೆಯವನು. ನಮಗೆ ಕಾಡು ದಾಟೋದು ಅಂದರೆ ಮೊದಲು ಗಡಿಯಾರ ನೋಡೋದು.

ಬಂಡೀಪುರ ಕಾಡಿನೊಳಗೆ ಹೋಗುವ ಎರಡೂ ಹೆದ್ದಾರಿಗಳು, ಊಟಿಯದ್ದೂ ವಯನಾಡಿನದ್ದೂ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆಂಬುಲೆನ್ಸ್ ಬಿಡುತ್ತಾರೆ, ಲೆಕ್ಕದ ಕೆಲವೇ ಸರ್ಕಾರಿ ಬಸ್ ಬಿಡುತ್ತಾರೆ, ಅಷ್ಟೇ. ಗುಂಡ್ಲುಪೇಟೆ ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ಮಧ್ಯೆ ಊಟ, ಟೀ ಅಂತ ನಿಂತರೆ ಒಂಬತ್ತು ಮೀರಿಯೇ ಹೋಗುತ್ತದೆ. ಒಂಬತ್ತೂ ಐದಕ್ಕೆ ಬಂದು, ಹಿಂದಿನ ಸೀಟಲ್ಲಿ ಮಲಗಿದ ಮಗು ತೋರಿಸಿ ಬೇಡಿಕೊಳ್ಳುವವರನ್ನು ನಾನೇ ನೋಡಿದ್ದೇನೆ. ಗೇಟು ಏಳಲಿಲ್ಲ. ಏಳಲೂಬಾರದು. ಲಾರಿ ಬಡಿದು ಸತ್ತ ಜಿಂಕೆಗಳನ್ನು ರಸ್ತೆ ಬದಿಯಲ್ಲಿ ನೋಡಿ ಬೆಳೆದವರು ನಾವು. ರಾತ್ರಿ ನಮ್ಮೂರಲ್ಲೇ ತಂಗಿ, ಬೆಳಿಗ್ಗೆ ಆರಕ್ಕೆ ಹೊರಡಿ.

ಗಡಿ ದಾಟಿದರೆ ಮಸಿನಗುಡಿ ನೀಲಗಿರಿ ಜಿಲ್ಲೆ. ಅಲ್ಲಿಗೆ ಇ-ಪಾಸ್, ಅಂದರೆ ಆನ್‌ಲೈನಲ್ಲಿ ತೆಗೆಯುವ ಪ್ರವೇಶ ಪರವಾನಗಿ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇದು ಜಾರಿಗೆ ಬಂತು. ದುಡ್ಡಿಲ್ಲ. ಗಾಡಿ ನಂಬರ್, ಎಷ್ಟು ಜನ, ಎಷ್ಟು ದಿನ, ಎಲ್ಲಿ ತಂಗುತ್ತೀರಿ ಅಂತ ತುಂಬಿದರೆ ಆಯ್ತು. ಆದರೆ 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ ದಿನಕ್ಕೆ 8,000 ಗಾಡಿ ಅಂತ ಮಿತಿ ಹಾಕಿದ್ದರು. ಅದಕ್ಕೆ ರಜೆಯ ಕಾಲದಲ್ಲಿ ಮೊದಲೇ ಮಾಡಿಸಿಕೊಳ್ಳಿ. ಕಾಡೊಳಗೆ ಸಿಗ್ನಲ್ ನಂಬಬೇಡಿ, ಮನೆಯಲ್ಲೇ ತೆಗೆದು ಫೋನಲ್ಲಿ ಇಟ್ಟುಕೊಳ್ಳಿ. ನೀರಿಗೆ ಸ್ಟೀಲ್ ಬಾಟಲಿ ತನ್ನಿ, ಪ್ಲಾಸ್ಟಿಕ್ ಬಾಟಲಿಯನ್ನು ಚೆಕ್‌ಪೋಸ್ಟಲ್ಲೇ ಇಳಿಸಿಕೊಳ್ಳುತ್ತಾರೆ. ವಿದೇಶದ ಗೆಳೆಯರು ಜೊತೆಗಿದ್ದರೆ ಪಾಸ್‌ಪೋರ್ಟ್, ವೀಸಾ ಕೈಲಿರಲಿ. ತಂಗುವ ಜಾಗದವರು 24 ಗಂಟೆಯೊಳಗೆ ಅವರ ವಿವರವನ್ನು ಅಧಿಕಾರಿಗಳಿಗೆ ಕಳಿಸಬೇಕು.

ಈಗ ಟೆಂಟಿನ ಮಾತು. ಗ್ಲಾಂಪಿಂಗ್ (ಐಷಾರಾಮಿ ಟೆಂಟ್ ವಾಸ) ಹೆಸರಲ್ಲಿ ಹಾಸಿಗೆ, ಗೀಸರ್, ದೀಪದ ಸರ ಎಲ್ಲ ಕೊಡುತ್ತಾರೆ. ನೀವು ಕೇಳಬೇಕಾದ್ದು ಬೇರೆ: ಅನುಮತಿ ಇದೆಯಾ? ಸುತ್ತ ಬೇಲಿ ಇದೆಯಾ? ರಾತ್ರಿ ಕಾಯುವವರು ಯಾರು? 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಹತ್ತಿರ ಟೆಂಟಲ್ಲಿ ತಂಗಿದ್ದ ಮಹಿಳೆಯೊಬ್ಬರು ಆನೆ ದಾಳಿಗೆ ಜೀವ ಕಳೆದುಕೊಂಡರು. ಬಟ್ಟೆಯ ಗೋಡೆ ಎಷ್ಟು ಚೆಂದ ಇದ್ದರೂ ಆನೆಗೆ ಅದು ಬಟ್ಟೆಯೇ ಅಲ್ವಾ?

ನನ್ನನ್ನು ಕೇಳಿದರೆ ಗಡಿ ದಾಟೋದೇ ಬೇಡ. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಟೆಂಟ್‌ಗಳಿವೆ. ಅದು ಸೋಲಿಗರ ನೆಲ. ಹುಲಿ ಕಾಡಿನೊಳಗೇ ಅವರಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಊರಿನವರೆಲ್ಲ ಸೇರಿ ಕಾಡನ್ನು ಬಳಸುವ, ಕಾಯುವ ಹಕ್ಕು, 2011ರಲ್ಲಿ ಸಿಕ್ಕಿತು. ಅವರ ಜೊತೆ ಅರ್ಧ ಗಂಟೆ ಕೂತು ಮಾತಾಡಿ, ಯಾವ ಜೇನು ಯಾವ ಮರದಲ್ಲಿ ಕಟ್ಟುತ್ತದೆ ಅಂತ ಹೇಳುತ್ತಾರೆ.

ಕಾಡಂಚಿನಲ್ಲಿ ರಾತ್ರಿ ಕಳೆಯುವುದು ನಮಗೆ ಹೊಸದಲ್ಲ. ಜೋಳ ತೆನೆ ಕಟ್ಟುವ ಹೊತ್ತಿಗೆ ಹೊಲದಲ್ಲಿ ಅಟ್ಟಣೆ ಏಳುತ್ತದೆ. ನಾಲ್ಕು ಕಂಬ, ಮೇಲೆ ಬಿದಿರು, ಸೋಗೆ, ಒಂದು ಕಂಬಳಿ. ಹಂದಿ ಬಂದರೆ ತಗಡು ಬಡಿಯುತ್ತೇವೆ. ಆನೆ ಬಂದರೆ ಮೊದಲು ಬಿದಿರು ಮುರಿಯುವ ಸದ್ದು, ಆಮೇಲೆ ಪಕ್ಕದ ಹೊಲದಿಂದ ಕೂಗು, ಆಮೇಲೆ ಒಂದೊಂದೇ ಅಟ್ಟಣೆಯಲ್ಲಿ ಟಾರ್ಚ್ ಹತ್ತುತ್ತಾ ಬರುತ್ತದೆ. ನೀವು ನಮ್ಮೂರಲ್ಲಿ ತಂಗಿದ ರಾತ್ರಿ ದೂರದಲ್ಲಿ ಆ ಬೆಳಕು ಕಂಡರೆ ಕಾರು ತೆಗೆದುಕೊಂಡು ಹತ್ತಿರ ಹೋಗಬೇಡಿ. ಅಲ್ಲಿ ಯಾರೋ ಒಂದು ವರ್ಷದ ಬೆಳೆ ಕಾಯುತ್ತಿರುತ್ತಾರೆ.