ಮಗಳು ಹೇಳುವ ಅಜ್ಜಿ ಮನೆಯನ್ನು ನೀವೂ ಒಮ್ಮೆ ನೋಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮಧ್ಯಾಹ್ನ ಓದಿ ಪಕ್ಕಕ್ಕಿಟ್ಟಿದ್ದೆ. ರಾತ್ರಿ ಮಲಗಿದ ಮೇಲೂ ಅದರ ಒಂದು ಸಾಲು ತಲೆಯಲ್ಲೇ ಸುತ್ತುತ್ತಿತ್ತು. ಎದ್ದು ದೀಪ ಹಾಕಿ ಮತ್ತೆ ಓದಿದೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ, ಈ ಸಲದ ಜಾಗವೆಲ್ಲ ಈ ತಂಗಿಗೇ.

ವಿಷಯ ಇಷ್ಟು. ಇವರು ಬೆಂಗಳೂರಿನಲ್ಲಿ ಶಾಲೆ ಟೀಚರ್. ಗಂಡ ಸಾಗರದ ಕಡೆಯವರು. ವಿಡಿಯೋ ಗೇಮ್ ಮಾಡುವ ಒಂದು ಸಣ್ಣ ಸ್ಟುಡಿಯೋದಲ್ಲಿ ಆರು ವರ್ಷ ಕಲಾವಿದರಾಗಿದ್ದರು. ಗೇಮ್‌ನಲ್ಲಿ ಕಾಣುವ ಮನೆ, ಮರ, ರಸ್ತೆ ಎಲ್ಲ ಕಂಪ್ಯೂಟರ್‌ನಲ್ಲಿ ಕಟ್ಟುವ ಕೆಲಸ. ಇಪ್ಪತ್ತು ಜನ ಸೇರಿ ನಾಲ್ಕು ವರ್ಷ ಒಂದೇ ಗೇಮ್ ಮಾಡಿದರು. ಮಲೆನಾಡಿನ ಊರೊಂದರಲ್ಲಿ ನಡೆಯುವ ಪತ್ತೇದಾರಿ ಕತೆಯಂತೆ. ಬಿಡುಗಡೆ ಆಯಿತು, ಅಂದುಕೊಂಡಷ್ಟು ಮಾರಾಟ ಆಗಲಿಲ್ಲ. ದುಡ್ಡು ಹಾಕಿದ್ದ ಪಬ್ಲಿಷರ್ ಮುಂದಿನ ಗೇಮ್‌ಗೆ ಕೈ ಎತ್ತಿದರು. ಒಂದು ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡು, ಈ ತಿಂಗಳಿಗೆ ಸ್ಟುಡಿಯೋ ಮುಚ್ಚುತ್ತೇವೆ ಅಂದರು. ಎರಡು ತಿಂಗಳ ಸಂಬಳ ಇನ್ನೂ ಬಾಕಿ ಇದೆ.

ಇದಾಗಿ ಮೂರು ತಿಂಗಳು. ಗಂಡ ಹೊಸ ಕೆಲಸಕ್ಕೆ ಅರ್ಜಿ ಹಾಕುತ್ತಿಲ್ಲ. ರಾತ್ರಿ ಎರಡು ಗಂಟೆವರೆಗೆ ಫೋನ್ ಹಿಡಿದು, ಎಲ್ಲೋ ಇರುವ ಯಾರೋ ಅದೇ ಗೇಮ್ ಆಡುವ ವಿಡಿಯೋ ನೋಡುತ್ತಾ ಕೂರುತ್ತಾರೆ. ಪತ್ರ ಬರೆದ ಈ ತಂಗಿಯ ಅಣ್ಣನಿಗೆ ಟೈಲ್ಸ್ ವ್ಯಾಪಾರವಿದೆ. ಗೋಡೌನ್ ಲೆಕ್ಕ ನೋಡಿಕೊಳ್ಳಲು ಬಾ ಅಂತ ಭಾವನಿಗೆ ಹೇಳಿ ಕಳಿಸಿದ್ದಾರೆ. ಭಾವ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. "ಅಣ್ಣನ ಮಾತು ಒಪ್ಪಿಕೊಳ್ಳಿ ಅಂತ ಒತ್ತಾಯ ಮಾಡಲಾ, ಇಲ್ಲಾ ಇನ್ನೂ ಕಾಯಲಾ?" ಇದು ಇವರ ಪ್ರಶ್ನೆ.

ಇಷ್ಟೇ ಆಗಿದ್ದರೆ ನಾನು ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸುತ್ತಿದ್ದೆ. ಆದರೆ ಪತ್ರದ ಕೊನೆ ಪುಟದಲ್ಲಿ, ನಮಸ್ಕಾರ ಬರೆಯುವ ಮೊದಲು, ಇವರು ಹೀಗೆ ಬರೆದಿದ್ದಾರೆ: "ನಾನು ಆ ಗೇಮ್ ನೋಡಿಲ್ಲ. ನನಗೆ ಅದೆಲ್ಲ ಅರ್ಥ ಆಗಲ್ಲ. ಮಗಳು ಮಾತ್ರ ಅದರಲ್ಲಿ ಅಜ್ಜಿ ಮನೆ ಇದೆ ಅಂತ ಹೇಳ್ತಿರ್ತಾಳೆ. ಮಕ್ಕಳ ಮಾತು."

ಈಗ ಎರಡು ಪುಟ ಹಿಂದೆ ಹೋಗಿ. ಅಲ್ಲಿ ಫ್ಲ್ಯಾಟ್ ಸಾಲದ ಲೆಕ್ಕ ಹೇಳುವಾಗ ಇನ್ನೊಂದು ಮಾತಿದೆ. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡರು. ಊರಿನ ಮನೆ ಮಾರಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ಇವರ ಪಾಲು ಬ್ಯಾಂಕಿಗೆ ಹೋಯಿತು. ಮನೆ ಕೊಂಡವರು ಅದನ್ನು ಕೆಡವಿ ಹೋಂಸ್ಟೇ ಕಟ್ಟಿದ್ದಾರೆ.

ತಂಗೀ, ಈ ಎರಡು ಸಾಲನ್ನು ನೀವೇ ಬರೆದಿದ್ದೀರಿ. ಒಂದರ ಪಕ್ಕ ಒಂದಿಟ್ಟು ಓದಿದ್ದೀರಾ?

ನನ್ನ ತಂಗಿಯ ಮಗ ಇದೇ ಲೈನಿನಲ್ಲಿದ್ದಾನೆ. ನಿಮ್ಮ ಪತ್ರ ಬಂದ ಮೇಲೆ ಅವನನ್ನು ಒಂದು ಸಂಜೆ ಮನೆಗೆ ಕರೆದು ಕೇಳಿದೆ. ಗೇಮ್‌ನಲ್ಲಿ ಒಂದು ಹೆಂಚಿನ ಮನೆ ಕಟ್ಟುವುದು ಅಂದರೆ ಏನು? ಅವನು ತನ್ನ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಮೊದಲು ಬಣ್ಣವಿಲ್ಲದ ಡಬ್ಬಿಗಳನ್ನು ಜೋಡಿಸಿದ ಹಾಗೆ ಬರೀ ಆಕಾರ. ಜಗುಲಿ ಎಷ್ಟು ಎತ್ತರ, ಬಾಗಿಲಲ್ಲಿ ತಲೆ ಬಗ್ಗಿಸಬೇಕಾ ಬೇಡವಾ, ಅಷ್ಟು ನೋಡಲು. ಆಮೇಲೆ ಒಂದೊಂದೇ ತುಂಬುವುದು. ಗೋಡೆಯ ಸುಣ್ಣ ಎಲ್ಲಿ ಉದುರಿದೆ, ಕಂಬ ಎಲ್ಲಿ ಕೈ ಸವರಿ ಸವರಿ ನುಣುಪಾಗಿದೆ, ಬಚ್ಚಲ ಒಲೆ ಮೇಲಿನ ಮಾಡಿಗೆ ಎಷ್ಟು ಮಸಿ ಹಿಡಿದಿದೆ. ಒಣ ಹೆಂಚು ಬೇರೆ, ನೆನೆದ ಹೆಂಚು ಬೇರೆ. ಬೆಳಕು ಬಿದ್ದರೆ ಎಲ್ಲಿ ಹೊಳೆಯಬೇಕು, ಎಲ್ಲಿ ಮಂಕಾಗಿರಬೇಕು ಅನ್ನುವುದಕ್ಕೇ ಬೇರೆ ಒಂದು ಚಿತ್ರ ಮಾಡಿ ಅದರ ಮೇಲೆ ಹೊದಿಸುತ್ತಾರೆ. ಒಂದು ಮನೆಗೆ ವಾರಗಟ್ಟಲೆ ಹಿಡಿಯುತ್ತದೆ.

"ಯಾವ ಮನೆ ಮಾಡಬೇಕು ಅಂತ ಯಾರು ಹೇಳ್ತಾರೆ?" ಅಂತ ಕೇಳಿದೆ. "ಹಳೇ ಹೆಂಚಿನ ಮನೆ ಬೇಕು ಅಂತ ಅಷ್ಟೇ ಹೇಳಿರ್ತಾರೆ ದೊಡ್ಡಮ್ಮ. ಆಮೇಲೆ ನಮಗೆ ಗೊತ್ತಿರೋ ಮನೆಯನ್ನೇ ಮಾಡ್ತೀವಿ" ಅಂದ.

ನಿಮ್ಮ ಗಂಡನಿಗೆ ಗೊತ್ತಿದ್ದ ಮನೆ ಯಾವುದು? ಊರಿನಲ್ಲಿ ಆ ಹೆಂಚು ಇಳಿಸುತ್ತಿದ್ದ ಕಾಲಕ್ಕೆ ಇವರು ಇಲ್ಲಿ, ಆಫೀಸಿನಲ್ಲಿ ಕೂತು, ಅದೇ ಹೆಂಚು ಜೋಡಿಸುತ್ತಿದ್ದರು. ನಾನು ಆ ಗೇಮ್ ನೋಡಿಲ್ಲ, ಇದು ಊಹೆ. ಆದರೆ ನಿಮ್ಮ ಮಗಳು ನೋಡಿದ್ದಾಳೆ. ಏಳು ವರ್ಷದ ಮಗು ಆ ಮನೆಯ ಅಂಗಳದಲ್ಲಿ ಆಡಿದೆ. ಅದು ಗುರುತು ಹಿಡಿದರೆ ನಾನು ನಂಬುತ್ತೇನೆ.

ರಾತ್ರಿ ಎರಡು ಗಂಟೆವರೆಗೆ ಅವರು ನೋಡುವುದು ಏನು ಅಂತ ಈಗ ಯೋಚಿಸಿ. ಯಾವ ದೇಶದವನೋ ಒಬ್ಬ ಆ ಗೇಮ್ ಆಡುತ್ತಿದ್ದಾನೆ. ಅವನು ಆ ಮನೆ ಮುಂದೆ ನಿಲ್ಲುತ್ತಾನಾ, ಒಳಗೆ ಹೋಗುತ್ತಾನಾ, ಸುಮ್ನೆ ದಾಟಿ ಹೋಗುತ್ತಾನಾ ಅಂತ ಇವರು ಕಾಯುತ್ತಿದ್ದಾರೆ. ಕೆಲಸ ಹೋದ ಬೇಸರ ಇದ್ದೇ ಇದೆ. ಅದರ ಅಡಿಯಲ್ಲಿ ಅಮ್ಮ ಇದ್ದಾರೆ, ಮನೆ ಇದೆ. ಪಾಲು ಪಟ್ಟಿ ಆಗುವಾಗ ಅತ್ತುಕೊಳ್ಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಅಳು ಈಗ ಬಂದಿದೆ.

ನಿಮ್ಮ ಪತ್ರದಲ್ಲಿ "ಫೇಲಾದ ಗೇಮ್" ಅನ್ನುವ ಮಾತು ಐದು ಸಲ ಇದೆ. ಎಣಿಸಿದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಥ ಗೇಮ್‌ಗಳು ಜಾಸ್ತಿ ಮಾರಾಟವಾಗುವುದು ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ. ಅಲ್ಲಿ 2024ರಲ್ಲಿ 18 ಸಾವಿರಕ್ಕೂ ಹೆಚ್ಚು ಹೊಸ ಗೇಮ್ ಬಂದವು. ದಿನಕ್ಕೆ ಸುಮಾರು ಐವತ್ತು. ಮೊದಲ ಕೆಲವು ವಾರದಲ್ಲಿ ಜನರ ಕಣ್ಣಿಗೆ ಬೀಳದಿದ್ದರೆ ಅಡಿಗೆ ಹೋಯಿತು ಅಂತಲೇ ಲೆಕ್ಕ. ನೂರು ರೂಪಾಯಿಗೆ ಮಾರಿದರೆ ಅಂಗಡಿಯೇ ಮೂವತ್ತು ಹಿಡಿದುಕೊಳ್ಳುತ್ತದೆ. ಉಳಿದದ್ದರಲ್ಲಿ ಪಬ್ಲಿಷರ್ ತಾನು ಕೊಟ್ಟ ಮುಂಗಡ ಮೊದಲು ಮುರಿದುಕೊಳ್ಳುವುದು ವಾಡಿಕೆ. ಅದು ತೀರುವವರೆಗೆ ಸ್ಟುಡಿಯೋ ಕೈಗೆ ಬರುವುದು ಕಡಿಮೆ, ಎಷ್ಟೋ ಸಲ ಏನೂ ಇಲ್ಲ. ಇಪ್ಪತ್ತು ಜನರ ಸಂಬಳ ಮಾತ್ರ ತಿಂಗಳು ತಿಂಗಳು ಓಡುತ್ತಿರುತ್ತದೆ. ನಿಮ್ಮ ಗಂಡ ಹೆಂಚು ಸರಿಯಾಗಿ ಜೋಡಿಸಿದರೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಏನು ಸಂಬಂಧ ಹೇಳಿ?

ಜಪಾನಿನ ಒಸಾಕಾದಲ್ಲಿ ಕ್ಲೋವರ್ ಅಂತ ಒಂದು ಸ್ಟುಡಿಯೋ ಇತ್ತು. 2006ರಲ್ಲಿ ಅವರು ಓಕಾಮಿ ಅನ್ನುವ ಗೇಮ್ ತಂದರು. ತಂಗಿಯ ಮಗ ಅದನ್ನೂ ಹಾಕಿ ತೋರಿಸಿದ. ಸೂರ್ಯದೇವತೆ ಬಿಳಿ ತೋಳದ ರೂಪದಲ್ಲಿ ಬರುತ್ತಾಳೆ. ಪರದೆಯೆಲ್ಲ ಕುಂಚದಲ್ಲಿ ಮಸಿ ಅದ್ದಿ ಬರೆದ ಹಾಗಿದೆ. ತೋಳ ಓಡಿದರೆ ಹೆಜ್ಜೆ ಬಿದ್ದಲ್ಲಿ ಹೂವು ಏಳುತ್ತವೆ. ಕಣ್ಣು ಕೀಳಲು ಆಗಲಿಲ್ಲ ನನಗೆ. ವಿಮರ್ಶಕರು ಹಾಡಿ ಹೊಗಳಿದರು, ವರ್ಷದ ಶ್ರೇಷ್ಠ ಗೇಮ್ ಅಂತ ಪ್ರಶಸ್ತಿಯೂ ಬಂತು. ಜನ ಕೊಳ್ಳಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಾತೃಸಂಸ್ಥೆ ಕ್ಯಾಪ್‌ಕಾಮ್ ಸ್ಟುಡಿಯೋ ಮುಚ್ಚುವುದಾಗಿ ಹೇಳಿತು. 2007ರ ಮಾರ್ಚ್ ಹೊತ್ತಿಗೆ ಮುಚ್ಚಿಯೂ ಆಯಿತು. ವರ್ಷದ ಗೇಮ್ ಪ್ರಶಸ್ತಿ ಪಡೆದು ಅತಿ ಕಡಿಮೆ ಮಾರಾಟವಾದದ್ದು ಅಂತ ಗಿನ್ನೆಸ್ ದಾಖಲೆಯಲ್ಲೂ ಅದರ ಹೆಸರು ಸೇರಿತು.

ಆ ಗೇಮ್ ಮತ್ತೆ ಮತ್ತೆ ಹೊಸ ಯಂತ್ರಗಳಿಗೆ ಬಂತು, ಜನ ನಿಧಾನವಾಗಿ ಹುಡುಕಿಕೊಂಡು ಹೋದರು. 2024ರ ಡಿಸೆಂಬರ್‌ನಲ್ಲಿ, ಹದಿನೆಂಟು ವರ್ಷದ ಮೇಲೆ, ಅದರ ಮುಂದಿನ ಭಾಗ ಮಾಡುತ್ತೇವೆ ಅಂತ ಪ್ರಕಟಿಸಿದರು. ನಿರ್ದೇಶಕ ಅದೇ ಹಿದೆಕಿ ಕಾಮಿಯಾ. ನಿಮ್ಮ ಗಂಡನ ಗೇಮ್‌ಗೂ ಹೀಗೇ ಆಗುತ್ತದೆ ಅಂತ ನಾನು ಆಸೆ ಹುಟ್ಟಿಸುತ್ತಿಲ್ಲ. ಹಾಗೆ ಆಗುವುದು ಅಪರೂಪ. ಮಾರಾಟ ಆಗದೇ ಇದ್ದದ್ದಕ್ಕೂ ಕೆಲಸ ಕೆಟ್ಟದ್ದಾಗಿರುವುದಕ್ಕೂ ನಡುವೆ ಇರುವ ದೂರ ನಿಮಗೆ ಕಾಣಲಿ ಅಂತ ಹೇಳಿದೆ.

ಇನ್ನೊಂದು ಕತೆಯೂ ಇದೆ, ಕೇಳಿದರೆ ಸಂಕಟ ಆಗುತ್ತದೆ. ಕಾನ್ಕಾರ್ಡ್ ಅಂತ ಒಂದು ದೊಡ್ಡ ಗೇಮ್. ಫೈರ್‌ವಾಕ್ ಅನ್ನುವ ಅಮೆರಿಕದ ಸ್ಟುಡಿಯೋ ಮಾಡಿದ್ದು, ಸೋನಿ ಹೊರತಂದದ್ದು. 2024ರ ಆಗಸ್ಟ್ 23ಕ್ಕೆ ಬಂತು. ಕೊಳ್ಳುವವರಿಲ್ಲದೆ ಸೆಪ್ಟೆಂಬರ್ 6ಕ್ಕೆ ತೆಗೆದೇಬಿಟ್ಟರು. ದುಡ್ಡು ಕೊಟ್ಟವರಿಗೆ ವಾಪಸ್ ಕೊಟ್ಟರು. ಅಕ್ಟೋಬರ್ ಕೊನೆಗೆ ಸ್ಟುಡಿಯೋ ಕೂಡ ಇಲ್ಲ. ಆನ್‌ಲೈನಿನಲ್ಲಿ ಹಲವರು ಸೇರಿ ಆಡುವ ಗೇಮ್ ಅದು. ಸರ್ವರ್ ನಿಲ್ಲಿಸಿದರೆ ಮುಗಿಯಿತು. ಅದರಲ್ಲಿ ವರ್ಷಗಟ್ಟಲೆ ಬೆವರು ಹರಿಸಿದವರು ಇವತ್ತು ಮಕ್ಕಳಿಗೆ ತೋರಿಸುತ್ತೇನೆ ಅಂದರೂ ಮನೆಯಲ್ಲಿ ಅದನ್ನು ತೆರೆದು ಆಡಿಸಲು ಆಗುವುದಿಲ್ಲ. ನಿಮ್ಮದು ಹಾಗಲ್ಲ. ಒಬ್ಬರೇ ಕೂತು ಆಡುವ ಗೇಮ್, ಮನೆ ಕಂಪ್ಯೂಟರ್‌ನಲ್ಲೇ ಇದೆ ಅಂತ ನೀವೇ ಬರೆದಿದ್ದೀರಿ.

ಈಗ ನಿಮ್ಮ ಅಣ್ಣನ ವಿಷಯ. ಗಣೇಶನ ಹಬ್ಬದ ದಿನ, ಎಲ್ಲರೂ ಎಲೆ ಮುಂದೆ ಕೂತಿರುವಾಗ, "ಮಕ್ಕಳಾಟದ ಕೆಲಸ ಎಷ್ಟು ದಿನ ನಡೆಯುತ್ತೆ ಭಾವ" ಅಂದರಂತೆ. ನೀವು ಅದನ್ನು "ಅಣ್ಣನ ಮಾತು ಒರಟು, ಮನಸ್ಸು ಒಳ್ಳೇದು" ಅಂತ ತೇಲಿಸಿದ್ದೀರಿ. ನಾನು ತೇಲಿಸುವುದಿಲ್ಲ. ಎಲೆ ಮುಂದೆ ಕೂತವರ ಹೊಟ್ಟೆಪಾಡನ್ನು ಆಡಿಕೊಳ್ಳಬಾರದು. ಹತ್ತು ವರ್ಷದಿಂದ ಈ ಅಂಕಣದಲ್ಲಿ ಹೇಳುತ್ತಾ ಬಂದಿದ್ದೇನೆ, ಊಟದ ಹೊತ್ತಿನಲ್ಲಿ ಸಂಬಳ, ಸಾಲ, ಮಾರ್ಕ್ಸ್ ಈ ಮೂರೂ ಬೇಡ. ಅನ್ನ ಕಲಸಿದ ಕೈ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಗಂಡ ಅವತ್ತು ಹೋಳಿಗೆ ಅರ್ಧಕ್ಕೆ ಬಿಟ್ಟು ಎದ್ದರು ಅಂತ ಬರೆದಿದ್ದೀರಲ್ಲ, ಹೋಳಿಗೆ ಚೆನ್ನಾಗಿರಲಿಲ್ಲ ಅಂತ ಎದ್ದರಾ?

ಮಕ್ಕಳಾಟ ಅನ್ನುವವರಿಗೆ ಗೊತ್ತಿರಲಿ. ಧ್ರುವ ಇಂಟರ್‌ಆಕ್ಟಿವ್ ಅನ್ನುವ ಗೇಮ್ ಸ್ಟುಡಿಯೋ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಅನ್ನುವ ಹೊರದೇಶದ ದೊಡ್ಡ ಗೇಮ್ ಕಂಪನಿ ಕೊಂಡಿತು. ಹೊರದೇಶದ ಗೇಮ್‌ಗಳ ಕಾರು, ಕಟ್ಟಡ, ಬೀದಿಗಳನ್ನು ನಮ್ಮ ಹುಡುಗರು ಹುಡುಗಿಯರು ಇಲ್ಲಿ ಕೂತು ಮಾಡುತ್ತಾರೆ. ಈ ಕಸುಬಿಗೆ ನಮ್ಮ ಸರ್ಕಾರ 2012ರಲ್ಲೇ ಒಂದು ನೀತಿ ತಂದಿದೆ. ಗೋಡೌನ್ ಲೆಕ್ಕವೂ ಗೌರವದ ಕೆಲಸವೇ. ಆದರೆ ನೆಂಟರ ಕೈಕೆಳಗಿನ ಕೆಲಸ ಬೇಡವೇ ಬೇಡ. ಕೆಲಸ ಹೋದರೆ ನೆಂಟಸ್ತನವೂ ಹೋಗುತ್ತದೆ. ಹಬ್ಬದ ಎಲೆ ಮುಂದೆ ಹೀಗೆ ಮಾತಾಡಿದವರು ಗೋಡೌನ್‌ನಲ್ಲಿ, ಹಮಾಲರ ಎದುರಿಗೆ, ಹೇಗೆ ಮಾತಾಡುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ. "ಬೇಡ ಅಣ್ಣಾ, ಅವರು ಅವರ ಕಸುಬಿನಲ್ಲೇ ನೋಡ್ಕೊಳ್ತಾರೆ" ಅಂತ ನೀವೇ ಹೇಳಿ. ಗಂಡನ ಬಾಯಲ್ಲಿ ಹೇಳಿಸಬೇಡಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಸಂಬಳದಲ್ಲಿ ಸಾಲದ ಕಂತು, ಮಗಳ ಫೀಸು ಹೋಗಿ ಮನೆ ಖರ್ಚಿಗೆ ಬಿಗಿಯಾಗುತ್ತದೆ, ಆದರೂ ನಡೆಯುತ್ತಿದೆ ಅಂದಿದ್ದೀರಿ. ಇನ್ನು ನಾಲ್ಕು ತಿಂಗಳಿಗೆ ಆಗುವಷ್ಟು ಉಳಿತಾಯವೂ ಇದೆ. ಹಾಗಾದರೆ ಒಂದು ನೋಟ್‌ಬುಕ್‌ನಲ್ಲಿ ಇಬ್ಬರೂ ಕೂತು ಖರ್ಚು ಬರೆಯಿರಿ, ಅಡುಗೆಮನೆಯಲ್ಲಿ, ಹಗಲು ಹೊತ್ತು. ಮಲಗುವ ಕೋಣೆಯಲ್ಲಿ ಲೆಕ್ಕ ಬೇಡ. ಬಾಕಿ ಸಂಬಳವನ್ನು ಫೋನಿನಲ್ಲಿ ಕೇಳಿದರೆ ಸಾಲದು, ಇಮೇಲ್‌ನಲ್ಲಿ ಕೇಳಲಿ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಸಂಬಳದಲ್ಲಿ ತೆರಿಗೆ ಮುರಿದದ್ದರ ಸರ್ಟಿಫಿಕೇಟ್ ಇವನ್ನು ಆಫೀಸ್ ಪೂರ್ತಿ ಖಾಲಿಯಾಗುವ ಮೊದಲು ತೆಗೆದುಕೊಳ್ಳಲಿ. ಮುಚ್ಚಿದ ಕಂಪನಿಯಲ್ಲಿ ಸಹಿ ಹಾಕುವವರು ಆಮೇಲೆ ಸಿಗುವುದಿಲ್ಲ. ತಾನು ಮಾಡಿದ ಯಾವ ಯಾವ ಚಿತ್ರವನ್ನು ಹೊಸ ಕಡೆ ತೋರಿಸಬಹುದು ಅಂತಲೂ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಲಿ. ಈ ಕಸುಬಿನಲ್ಲಿ ಡಿಗ್ರಿಗಿಂತ ಅದನ್ನೇ ನೋಡುವುದು ಅಂದ ನಮ್ಮ ಹುಡುಗ.

ಆದರೆ ಇದೆಲ್ಲ ಮುಂದಿನ ವಾರಕ್ಕೆ. ಈ ವಾರ ನೀವು ಮಾಡಬೇಕಾದದ್ದು ಒಂದೇ.

ಬರುವ ಭಾನುವಾರ ತಿಂಡಿ ಆದ ಮೇಲೆ ಗಂಡನ ಹತ್ತಿರ ಹೋಗಿ, "ಆ ಗೇಮ್ ನನಗೂ ತೋರಿಸಿ" ಅನ್ನಿ. ಅಷ್ಟೇ ಅನ್ನಿ. ಮೊದಲು ಬೇಡ ಅನ್ನಬಹುದು, ನಿನಗೆ ಅರ್ಥ ಆಗಲ್ಲ ಅನ್ನಬಹುದು. ಕುರ್ಚಿ ಎಳೆದುಕೊಂಡು ಕೂತುಬಿಡಿ. ಕುಕ್ಕರ್ ಇಟ್ಟು ಬಂದು ಕೂರಬೇಡಿ. ಫೋನ್ ಬೇರೆ ಕೋಣೆಯಲ್ಲಿರಲಿ. ಕೆಲಸದ ಮಾತು, ಅಣ್ಣನ ಮಾತು, "ಮುಂದೇನು" ಅನ್ನುವ ಮಾತು ಅವತ್ತು ರಾತ್ರಿವರೆಗೆ ಎತ್ತಬೇಡಿ. ಕತೆ ಅರ್ಥವಾಗದಿದ್ದರೆ ಚಿಂತೆಯಿಲ್ಲ. ಅವರು ಯಾವುದಾದರೂ ಜಾಗದಲ್ಲಿ ಸುಮ್ಮನೆ ನಿಂತರೆ ನೀವೂ ಸುಮ್ಮನಿರಿ. ಕಣ್ಣಲ್ಲಿ ನೀರು ಬಂದರೆ ಏನಾಯಿತು ಅಂತ ಕೇಳಬೇಡಿ. ಕೊನೆಯಲ್ಲಿ ಮಾಡಿದವರ ಹೆಸರುಗಳು ಬರುತ್ತವಂತೆ. ಎದ್ದು ಹೋಗದೆ ಅವರ ಹೆಸರು ಬರುವವರೆಗೆ ಕೂತಿರಿ.

ಮಗಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಮನೆ ಎಲ್ಲಿದೆ ಅಂತ ಅವಳೇ ತೋರಿಸಲಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ನಿಮ್ಮ ಅತ್ತೆ ಕೂತು ಹೂ ಕಟ್ಟುತ್ತಿದ್ದ ಜಗುಲಿಯ ಮೂಲೆ ಅಂದಿರಲ್ಲ, ಅಲ್ಲಿ ಅವರು ಏನಾದರೂ ಇಟ್ಟಿದ್ದಾರಾ ನೋಡಿ ತಿಳಿಸಿ.