ಥ್ಯಾಂಕ್ಸ್‌ಗಿವಿಂಗ್ ಊಟದ ಮೇಜಿಗೆ ಯಾವ ಹೂ? ಓದುಗರು ಕೇಳಿದ್ದು, ನಾನು ಹೇಳಿದ್ದು

ನವೆಂಬರ್ ಹತ್ರ ಬಂತು ಅಂದ್ರೆ ಅಮೆರಿಕಾದಲ್ಲಿರೋ ಓದುಗರ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ವಿಷ್ಯ. ನಾಲ್ಕನೇ ಗುರುವಾರ, ಸುಗ್ಗಿಗೆ ಕೃತಜ್ಞತೆ ಹೇಳೋ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ಊಟ, ಮನೆಗೆ ಜನ ಬರ್ತಾರೆ, ಮೇಜಿನ ಮೇಲೆ ಯಾವ ಹೂ ಇಡೋದು, ಬಾಗಿಲಿಗೆ ಏನು ಕಟ್ಟೋದು ಅಂತ. ನಾನೂ ಹದಿನೆಂಟು ವರ್ಷದಿಂದ ಇಲ್ಲೇ ಈ ಊಟ ಹಾಕ್ತಾ ಬಂದಿದೀನಿ, ಹಾಗಾಗಿ ಈ ಸಂಚಿಕೆ ಪೂರ್ತಿ ಹೂವಿಗೇ ಇರ್ಲಿ.

ಪ್ರಶ್ನೆ: ಮೇಡಂ, ಮದುವೆ ಆಗಿ ಇಲ್ಲಿಗೆ ಬಂದು ಎರಡು ವರ್ಷ ಆಯ್ತು. ಇದೇ ಮೊದಲ ಸಲ ನಮ್ಮನೇಲಿ ಥ್ಯಾಂಕ್ಸ್‌ಗಿವಿಂಗ್, ನಮ್ಮೆಜಮಾನ್ರ ಆಫೀಸಿನವರು ಎರಡು ಫ್ಯಾಮಿಲಿ, ಕನ್ನಡದವರು ಎರಡು ಫ್ಯಾಮಿಲಿ, ಒಟ್ಟು ಹತ್ತು ಜನ. ಹೂವಿನಂಗಡೀಲಿ ಕೇಳಿದ್ರೆ ಒಂದು ಅಲಂಕಾರಕ್ಕೆ ನೂರು ಡಾಲರ್ ಮೇಲೆ ಹೇಳಿದ್ರು. ನಾನೇ ಮಾಡ್ಕೋಬಹುದಾ? ಯಾವ ಹೂ ತರ್ಲಿ, ಯಾವಾಗ ತರ್ಲಿ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ನೀವೇ ಮಾಡಿಮ್ಮ, ಚೆನ್ನಾಗೇ ಬರತ್ತೆ. ಸೇವಂತಿಗೆ ತನ್ನಿ. ಇಲ್ಲಿಯವರು ಮಮ್ಸ್ ಅಂತಾರಲ್ಲ, ಅದು ನಮ್ಮ ಸೇವಂತಿಗೇನೇ, ಊರಲ್ಲಿ ಆಯುಧಪೂಜೆ ದಿನ ಗಾಡಿಗೆ ಹಾಕ್ತಿದ್ವಲ್ಲ ಅದೇ ಕುಲದ್ದು. ಹಗಲು ಗಿಡ್ಡ ಆಗಿ ರಾತ್ರಿ ಉದ್ದ ಆಗ್ತಾ ಬಂದಾಗ ಮೊಗ್ಗು ಕಟ್ಟೋ ಗಿಡ ಅದು, ಅದಕ್ಕೇ ಅಲ್ಲೂ ಇಲ್ಲೂ ಅದರ ಕಾಲ ಇದೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಲ್ಲಿ ಹೋಗುವಾಗ ಹೊಲದ ತುಂಬ ಬಲ್ಬ್ ಉರೀತಿರೋದು ನೋಡಿರ್ತೀರ, ರಾತ್ರೀನ ಗಿಡ್ಡ ಮಾಡಿ ಸೇವಂತಿಗೆ ಅವಸರದಲ್ಲಿ ಮೊಗ್ಗು ಬಿಡದ ಹಾಗೆ ತಡೆದಿಟ್ಟು, ರೇಟ್ ಬರೋ ಹೊತ್ತಿಗೆ ಅರಳಿಸೋಕೆ ರೈತರು ಹಾಗೆ ಮಾಡ್ತಾರೆ. ಆ ಹೂವನ್ನ ಬಿಟ್ಟು ಬೇರೆ ಯಾವ್ದೋ ದುಬಾರಿ ಹೂವಿನ ಹಿಂದೆ ಹೋಗೋದು ನನಗಂತೂ ಇಷ್ಟ ಆಗಲ್ಲ.

ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲೇ ಕಟ್ಟು ಕಟ್ಟಾಗಿ ಇಟ್ಟಿರ್ತಾರೆ, ತುಕ್ಕಿನ ಬಣ್ಣ, ಸಾಸಿವೆ ಹಳದಿ, ಬೀಟ್‌ರೂಟ್ ಕೆಂಪು, ಬಟನ್ ಥರ ಪುಟ್ಟದು, ಜೇಡನ ಕಾಲಿನ ಹಾಗೆ ಎಸಳು ಚಾಚಿರೋದು. ಮೂರು ಕಟ್ಟು ಸೇವಂತಿಗೆ, ಒಂದು ಕಟ್ಟು ಚಿಕ್ಕ ಸೂರ್ಯಕಾಂತಿ, ಸಿಕ್ಕಿದ್ರೆ ಹೈಪೆರಿಕಮ್ ಅಂತ ಕೆಂಪು ಕಾಯಿ ಇರೋ ಕಡ್ಡಿ ಒಂದು ಕಟ್ಟು, ಇಷ್ಟು ಸಾಕು. ಮಂಗಳವಾರ ಸಂಜೆ ತನ್ನಿ. ಬುಧವಾರ ಹೋದ್ರೆ ಅಂಗಡೀಲಿ ಕಾಲಿಡೋಕೆ ಜಾಗ ಇರಲ್ಲ, ಒಳ್ಳೆ ಹೂ ಎಲ್ಲ ಆರಿಸ್ಕೊಂಡು ಹೋಗಿರ್ತಾರೆ. ಹೂವಿನ ಹಿಂಭಾಗ ತಿರುಗಿಸಿ ನೋಡಿ, ಕೆಳಗಿನ ಎಸಳು ಬಿಗಿಯಾಗಿದ್ರೆ ಹೊಸದು, ಕಂದಾಗಿ ಜೋತು ಬಿದ್ದಿದ್ರೆ ಬಿಟ್ಬಿಡಿ.

ಮನೆಗೆ ತಂದ ತಕ್ಷಣ ಮಾಡೋ ಕೆಲಸಾನೇ ಮುಖ್ಯ, ಬಹಳ ಜನ ಇದನ್ನೇ ಮಾಡಲ್ಲ. ಕಡ್ಡಿ ತುದೀನ ಒಂದಿಂಚು ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗೋ ಎಲೆ ಒಂದೂ ಉಳೀದ ಹಾಗೆ ತೆಗೀರಿ. ಹೆಬ್ಬೆರಳು ತೋರುಬೆರಳ ಮಧ್ಯೆ ಕಡ್ಡಿ ಹಿಡ್ಕೊಂಡು ಮೇಲಿಂದ ಕೆಳಗೆ ಸರ್ ಅಂತ ಎಳೆದ್ರೆ ಎಲೆ ಎಲ್ಲ ಒಟ್ಟಿಗೆ ಕಳಚ್ಕೊಂಡು ಬರತ್ತೆ, ಜೊತೆಗೆ ಆ ಕಹಿ ಕಹಿ ಹಸಿರು ವಾಸನೆ ಬೆರಳಿಗೆಲ್ಲ ಅಂಟ್ಕೊಳತ್ತೆ, ಒಂದು ಕ್ಷಣ ನೀವು ಊರಿನ ಮಾರ್ಕೆಟ್ಟಲ್ಲೇ ಇರ್ತೀರ. ಎಲೆ ನೀರಲ್ಲಿ ಉಳಿದ್ರೆ ಕೊಳೆತು ನೀರು ಗಬ್ಬು ನಾರತ್ತೆ, ಹೂ ಎರಡೇ ದಿನಕ್ಕೆ ಬಾಡತ್ತೆ. ಎಲೆ ತೆಗೆದ ಮೇಲೆ ಆಳವಾದ ಬಕೆಟ್ಟಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ರಾತ್ರಿಯಿಡೀ ತಣ್ಣಗಿರೋ ಜಾಗದಲ್ಲಿ ನಿಲ್ಸಿ. ಸೇಬು, ಬಾಳೆಹಣ್ಣಿನ ಬುಟ್ಟಿ ಪಕ್ಕ ಇಡ್ಬೇಡಿ, ಹಣ್ಣಿಂದ ಬರೋ ಎಥಿಲೀನ್ ಗ್ಯಾಸ್‌ಗೆ ಹೂ ಬೇಗ ಮುದಿಯಾಗತ್ತೆ.

ಇನ್ನು ಮೇಜು. ಮಧ್ಯದಲ್ಲಿ ಒಂದು ದೊಡ್ಡ ಹೂದಾನಿ ಇಡ್ಲೇಬೇಡಿ, ದಯವಿಟ್ಟು. ಅದರ ಹಿಂದೆ ಕೂತವರ ಮುಖ ಕಾಣಲ್ಲ, ಮಾತಾಡೋಕೆ ಕತ್ತು ಆ ಕಡೆ ಈ ಕಡೆ ಮಾಡ್ತಾ ಇರ್ತಾರೆ, ಮಾತೇ ನಿಂತ್ಹೋಗತ್ತೆ. ಈ ಹಬ್ಬದಲ್ಲಿ ಎಲ್ಲಾ ಪಾತ್ರೆ ಮೇಜಿನ ಮೇಲೇ ಬರತ್ತೆ, ಟರ್ಕಿ, ಆಲೂಗಡ್ಡೆ, ಕ್ರ್ಯಾನ್‌ಬೆರಿ ಸಾಸ್, ನಿಮ್ಮ ಬಿಸಿಬೇಳೆ ಭಾತು, ಪಾತ್ರೆ ಕೈಯಿಂದ ಕೈಗೆ ದಾಟ್ಬೇಕು. ಅದಕ್ಕೆ ಆರಡಿ ಮೇಜಿಗೆ ಐದೋ ಏಳೋ ಪುಟ್ಟ ಬಾಟ್ಲಿ ಉದ್ದಕ್ಕೆ ಸಾಲಾಗಿಡಿ, ಖಾಲಿ ಉಪ್ಪಿನಕಾಯಿ ಬಾಟ್ಲಿ, ಜಾಮ್ ಬಾಟ್ಲಿ ಲೇಬಲ್ ತೊಳೆದು ಇಟ್ರೆ ಸಾಕು, ಒಂದೊಂದರಲ್ಲಿ ಮೂರೋ ನಾಲ್ಕೋ ಕಡ್ಡಿ. ಎತ್ತರಕ್ಕೆ ನನ್ನ ಲೆಕ್ಕ ಏನಂದ್ರೆ, ಮೇಜಿನ ಮೇಲೆ ಮೊಣಕೈ ಊರಿ ಮುಷ್ಟಿ ಕಟ್ಟಿ, ಹೂ ಆ ಮುಷ್ಟಿ ದಾಟ್ಬಾರ್ದು. ಬಾಟ್ಲಿ ಬಾಯಿ ಅಗಲ ಇದ್ರೆ ಸೆಲ್ಲೋಟೇಪ್ ಅಡ್ಡ ಉದ್ದ ಚೌಕಳಿ ಥರ ಅಂಟಿಸಿ, ಒಂದೊಂದು ಚೌಕದಲ್ಲಿ ಒಂದೊಂದು ಕಡ್ಡಿ ನೆಟ್ಟಗೆ ನಿಲ್ಲತ್ತೆ, ಹೂ ಚುಚ್ಚಿ ನಿಲ್ಸೋಕೆ ಅಂಗಡೀಲಿ ಕೊಡೋ ಆ ಹಸಿರು ಫೋಮ್ ಬೇಡ, ಅದು ಪ್ಲಾಸ್ಟಿಕ್ಕೇ, ಪುಡಿಯಾಗಿ ಮಣ್ಣಿಗೆ ನೀರಿಗೆ ಸೇರತ್ತೆ. ಸುಗಂಧರಾಜದ ಥರ ಘಮ್ ಅನ್ನೋ ಹೂ ದೇವರ ಮನೇಲಿರ್ಲಿ, ಊಟದ ಮೇಜಲ್ಲಿ ಅಡುಗೆ ಘಮಾನೇ ಬರ್ಬೇಕು. ಇನ್ನೊಂದು ವಿಷ್ಯ, ಅಂಗಡಿ ಹೂವಿಗೆ ಔಷಧಿ ಹೊಡೆದಿರ್ತಾರೆ, ಚೆನ್ನಾಗಿ ಕಾಣತ್ತೆ ಅಂತ ಪಾಯಸದ ಮೇಲೆ ಎಸಳು ಉದುರಿಸ್ಬೇಡಿ.

ಪ್ರಶ್ನೆ: ನಮ್ಮನೇಲಿ ಎರಡು ಬೆಕ್ಕಿದೆ. ಕಿತ್ತಳೆ ಬಣ್ಣದ ಲಿಲ್ಲಿ ತುಂಬಾ ಇಷ್ಟ, ಇಡಬಹುದಾ? (ಸ್ಯಾನ್ ಹೋಸೆ)

ಉತ್ತರ: ಬೇಡವೇ ಬೇಡ. ಲಿಲ್ಲಿ ಹೂವಿನ ಎಸಳು, ಎಲೆ, ಪರಾಗ, ಹೂದಾನಿಯ ನೀರು ಎಲ್ಲಾನೂ ಬೆಕ್ಕಿಗೆ ವಿಷ, ಕಿಡ್ನಿ ಹೋಗ್ಬಿಡತ್ತೆ. ಮೈಮೇಲೆ ಬಿದ್ದ ಪರಾಗ ನೆಕ್ಕಿದ್ರೂ ಸಾಕು. ಸೇವಂತಿಗೆ ತಿಂದ್ರೂ ಬೆಕ್ಕಿಗೆ ವಾಂತಿ ಆಗತ್ತೆ. ನೀವು ಸೂರ್ಯಕಾಂತಿ, ಗುಲಾಬಿ ಇಡಿ. ಅತಿಥಿಗಳು ಬೊಕೆ ತಂದ್ರೆ ಬಾಗಿಲಲ್ಲೇ ನೋಡಿ, ಲಿಲ್ಲಿ ಇದ್ರೆ ಒಳಗೇ ತರ್ಬೇಡಿ, ಬೆಕ್ಕಿನ ವಿಷ್ಯ ಹೇಳಿದ್ರೆ ಯಾರೂ ತಪ್ಪು ತಿಳ್ಕೊಳಲ್ಲ.

ಪ್ರಶ್ನೆ: ಅಕ್ಕ, ಹೋದ ವರ್ಷ ಕುಂಬಳಕಾಯಿ ಕೊರೆದು ಅದರಲ್ಲೇ ನೀರು ಹಾಕಿ ಹೂ ಇಟ್ಟಿದ್ದೆ, ಭಾನುವಾರ ಮಾಡಿದ್ದು ಗುರುವಾರದ ಹೊತ್ತಿಗೆ ತಳ ಮೆತ್ತಗಾಗಿ ನೀರು ಸೋರಿ ಮೇಜಿನ ಬಟ್ಟೆ ಎಲ್ಲ ಹಾಳಾಯ್ತು. ಎಲ್ಲಿ ತಪ್ಪಾಯ್ತು? (ಡಲ್ಲಾಸ್)

ಉತ್ತರ: ನೀರು ನೇರ ಕಾಯಿಗೆ ಹಾಕಿದ್ದೇ ತಪ್ಪು, ಮತ್ತೆ ನಾಲ್ಕು ದಿನ ಮುಂಚೆ ಕೊರೆದಿದ್ದು. ಬುಧವಾರ ಸಂಜೆ ಕೊರೀರಿ. ಮೇಲೆ ಮುಚ್ಚಳದ ಥರ ಕತ್ತರಿಸಿ, ಬೀಜ ನಾರು ಎಲ್ಲ ಚಮಚದಲ್ಲಿ ಕೆರೆದು, ಒಳಗೆ ಟಿಶ್ಯೂ ಪೇಪರಿನಿಂದ ಒರೆಸಿ, ಆಮೇಲೆ ಒಂದು ಗಾಜಿನ ಲೋಟ ಕೂರ್ಸಿ ಆ ಲೋಟದಲ್ಲಿ ನೀರು ಹೂ ಎರಡೂ ಇರ್ಲಿ. ಕೆಳಗೊಂದು ತಟ್ಟೆ ಇಡೋದು ಮರೀಬೇಡಿ. ದೊಡ್ಡ ಹ್ಯಾಲೋವೀನ್ ಕಾಯಿ ಬದಲು ಪೈ ಪಂಪ್ಕಿನ್ ಅಂತ ಸಣ್ಣದು ತಗೊಂಡ್ರೆ ಕೆರೆದ ತಿರುಳು ರುಚಿಯಾಗಿರತ್ತೆ, ಹುಳಿಗೆ ಹಾಕ್ಬಹುದು, ಬೀಜ ಉಪ್ಪು ಹಚ್ಚಿ ಹುರಿದ್ರೆ ಮಕ್ಕಳು ಬಿಡಲ್ಲ.

ಪ್ರಶ್ನೆ: ಅಕ್ಕಾರ, ನಾವು ಹುಬ್ಬಳ್ಳಿಯವ್ರು, ಮಗನ ಮನಿಗೆ ಆರು ತಿಂಗ್ಳಿಗಂತ ಬಂದೇವಿ. ಸೊಸಿ ಥ್ಯಾಂಕ್ಸ್‌ಗಿವಿಂಗ್ ಊಟಕ್ಕ ಮಂದಿನ್ನ ಕರದಾಳ, ಹೂವಿನ ಕೆಲಸ ನನಗ ಬಿಟ್ಟಾಳ. ಹೊರಗ ನೋಡಿದ್ರ ಗಿಡ ಎಲ್ಲಾ ಬೋಳಾಗ್ಯಾವ, ಒಂದು ಚೆಂಡುಹೂ ಸೈತ ಇಲ್ಲ. ಏನ್ ಇಡ್ಲಿ? ಮತ್ತ ಇದು ಇವರ ದೇವರ ಹಬ್ಬ ಏನ್ರಿ, ನಾವು ಮಾಡಬಹುದೇನು? (ಮಿನ್ನಿಯಾಪೊಲಿಸ್)

ಉತ್ತರ: ಅಮ್ಮಾವ್ರೇ, ನೀವು ಧಾರಾಳವಾಗಿ ಮಾಡ್ಬಹುದು. ನಿಮ್ಮ ಕಡೆ ಶೀಗಿ ಹುಣ್ಣಿವಿಗೆ ಹೊಲಕ್ಕೆ ಹೋಗಿ ಚರಗ ಚೆಲ್ತೀರಲ್ಲ, ಬೆಳೆ ಕೊಟ್ಟ ಭೂಮಿತಾಯಿಗೆ ಉಣ್ಣಿಸಿ ಎಲ್ಲಾರೂ ಕೂತು ಉಣ್ತೀರಲ್ಲ, ಆ ಮನಸ್ಸೇ ಇದರಲ್ಲೂ ಇರೋದು. 1621ರಲ್ಲಿ ಪ್ಲಿಮತ್ ಅನ್ನೋ ಕಡೆ ಇಂಗ್ಲೆಂಡಿಂದ ಬಂದೋರು ಸುಗ್ಗಿ ಊಟ ಮಾಡಿದಾಗ ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನಾನೂ ಜೊತೇಲಿದ್ರು. ಆಗಿನ ಅಧ್ಯಕ್ಷ ಲಿಂಕನ್ 1863ರಲ್ಲಿ ಇಡೀ ದೇಶಕ್ಕೆ ಈ ದಿನ ಆಚರಿಸಿ ಅಂತ ಕರೆ ಕೊಟ್ರು, ನಾಲ್ಕನೇ ಗುರುವಾರ ಅಂತ ಕಾನೂನಾಗಿದ್ದು 1941ರಲ್ಲಿ. ಈಗ ಎಲ್ಲಾ ಧರ್ಮದವರೂ ಮಾಡ್ತಾರೆ. ಆದ್ರೆ ಒಂದು ಮಾತು, ತಮ್ಮ ನೆಲ ಕಳ್ಕೊಂಡ ಮೂಲನಿವಾಸಿಗಳಲ್ಲಿ ಬಹಳ ಜನಕ್ಕೆ ಇದು ದುಃಖದ ದಿನ, 1970ರಿಂದ ಪ್ಲಿಮತ್‌ನಲ್ಲೇ ಸೇರಿ ಶೋಕ ಆಚರಿಸ್ತಾರೆ. ಅದಕ್ಕೆ ಅಂಗಡೀಲಿ ಸಿಗೋ ಮೂಲನಿವಾಸಿ ವೇಷದ ಗರಿ ಕಿರೀಟ, ಕಾಗದದ ಬೊಂಬೆ ಅಂಥದ್ದು ಮೇಜಿನ ಮೇಲೆ ಬೇಡ ಅಂತ ಸೊಸೆಗೂ ಹೇಳಿ.

ಚೆಂಡುಹೂವಿಗೆ ಫ್ರಾಸ್ಟ್ ತಡಿಯೋಕಾಗಲ್ಲ. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದ್ರೆ ಬೆಳಿಗ್ಗೆ ಗಿಡ ಬೇಯಿಸಿದ ಸೊಪ್ಪಿನ ಥರ ಕಪ್ಪಾಗಿ ಬಿದ್ದಿರತ್ತೆ. ಅದರ ತವರು ಮೆಕ್ಸಿಕೋ ಕಡೆ, ಬೆಚ್ಚಗಿನ ನೆಲ, ನಮ್ಮ ದೇಶಕ್ಕೂ ಅಲ್ಲಿಂದಲೇ ಬಂದಿದ್ದು. ಅದಕ್ಕೆ ನಿಮ್ಮ ಕಡೆ ಒಣಗಿದ್ದರಲ್ಲೇ ಚೆಂದ ಹುಡುಕ್ಬೇಕು, ಇದು ನನಗೆ ತುಂಬಾ ಇಷ್ಟವಾದ ಕೆಲಸ. ಗೋಧಿ ತೆನೆ ಕಟ್ಟು ಅಂಗಡೀಲಿ ಸಿಗತ್ತೆ, ನಿಮಗೆ ಹೇಳ್ಕೊಡೋದೇ ಬೇಡ, ಎಷ್ಟು ಚೆಂದ ಕಟ್ಟಬಹುದು ಅಂತ ನಿಮಗೇ ಗೊತ್ತು. ಕೆಂಪು, ನೀಲಿ, ಹಳದಿ ಕಾಳಿರೋ ಒಣ ಗೋವಿನಜೋಳ ಮೂರು ತೆನೆ ಸಿಪ್ಪೆ ಸಮೇತ ಹಿಂದಕ್ಕೆ ಬಿಡಿಸಿ ಕಟ್ಟಿದ್ರೆ ಬಾಗಿಲಿಗೆ ಬೇರೇನೂ ಬೇಡ. ಅಕ್ಕಪಕ್ಕದ ಮನೇಲಿ ಹೈಡ್ರೇಂಜಿಯಾ ಗಿಡ ಇರತ್ತೆ, ಅದರ ಗೊಂಚಲು ಗಿಡದಲ್ಲೇ ಒಣಗಿ ಕಾಗದದ ಥರ ಕಂದು ಗುಲಾಬಿ ಬಣ್ಣಕ್ಕೆ ಬಂದಿರತ್ತೆ, ಕೇಳಿ ನಾಲ್ಕು ಕೊಯ್ಕೊಳಿ, ನೀರಿಲ್ಲದೇ ಇಡಿ. ವಿಂಟರ್‌ಬೆರಿ ಅಂತ ಎಲೆ ಎಲ್ಲ ಉದುರಿ ಬರೀ ಕೆಂಪು ಕಾಯಿ ಇರೋ ಕಡ್ಡಿ ಬರತ್ತೆ, ಎರಡು ಕಡ್ಡಿ ಸಾಕು ಮೇಜಿಗೆ ಜೀವ ಬರೋಕೆ, ಆದ್ರೆ ಆ ಕಾಯಿ ತಿನ್ನೋದಲ್ಲ, ಮೊಮ್ಮಕ್ಕಳ ಕೈಗೆ ಸಿಗೋ ಕಡೆ ಬೇಡ. ಬೇಲಿ ಮೇಲೆ ಕಿತ್ತಳೆ ಬಣ್ಣದ ಪುಟ್ಟ ಕಾಯಿ ಬಿಟ್ಟ ಬಳ್ಳಿ ಕಂಡ್ರೆ ಆಸೆಯಿಂದ ಕೀಳ್ಬೇಡಿ. ಬಳ್ಳಿ ಉದ್ದಕ್ಕೂ ಗಿಣ್ಣು ಗಿಣ್ಣಿಗೆ ಕಾಯಿ, ಹಳದಿ ಸಿಪ್ಪೆ ಇದ್ರೆ ಅದು ಓರಿಯಂಟಲ್ ಬಿಟರ್‌ಸ್ವೀಟ್, ಮರಗಳನ್ನ ಸುತ್ತಿ ಕತ್ತು ಹಿಸುಕೋ ಕಳೆ. ಹಾರ ಮಾಡಿ ಬಾಗಿಲಿಗೆ ಹಾಕಿದ್ರೆ ಹಕ್ಕಿ ತಿಂದು ಬೀಜ ಊರೆಲ್ಲ ಹರಡತ್ತೆ.

ಒಣಗಿದ್ದು ಇಟ್ಟ ಮೇಲೆ ದೀಪದ ಬಗ್ಗೆ ಹುಷಾರು. ಮೇಣದಬತ್ತಿ ಹಚ್ಚೋದಾದ್ರೆ ಸುತ್ತ ಒಂದಡಿ ಒಳಗೆ ಗೋಧಿ ತೆನೆ, ಜೋಳದ ಸಿಪ್ಪೆ ಯಾವ್ದೂ ಇರ್ಬಾರ್ದು. ಈ ದೇಶದಲ್ಲಿ ವರ್ಷದಲ್ಲೇ ಅತಿ ಹೆಚ್ಚು ಅಡುಗೆಮನೆ ಬೆಂಕಿ ಅನಾಹುತ ಆಗೋದು ಇದೇ ದಿನ, ಎಲ್ಲರ ಗಮನ ಓವನ್ ಕಡೆ ಇರುವಾಗ ಊಟದ ಮನೇಲಿ ಇನ್ನೊಂದು ಬೆಂಕಿ ಯಾಕೆ, ಬ್ಯಾಟರಿ ದೀಪ ಇಡಿ.

ಪ್ರಶ್ನೆ: ಊಟಕ್ಕೆ ಪೋಲೆಂಡಿನ ಸಹೋದ್ಯೋಗಿ ಬರ್ತಿದ್ದಾರೆ. ಅವರಿಗೆ ಸೇವಂತಿಗೆ ಆಗಲ್ಲ ಅಂತ ಯಾರೋ ಅಂದ್ರು, ನಿಜಾನಾ? (ಶಿಕಾಗೋ)

ಉತ್ತರ: ನಿಜ. ಪೋಲೆಂಡ್, ಇಟಲಿ, ಫ್ರಾನ್ಸ್ ಕಡೆ ನವೆಂಬರ್ 1ಕ್ಕೆ ಸಮಾಧಿಗಳ ಮೇಲೆ ಇಡೋ ಹೂ ಅದು. ಅವರು ಏನೂ ಅನ್ನದೇ ಇರಬಹುದು, ಆದ್ರೂ ಸುಮಾರು ಮೂರು ವಾರದ ಹಿಂದೆ ಅಪ್ಪ ಅಮ್ಮನ ನೆನಪಲ್ಲಿ ಇಟ್ಟ ಹೂ ಊಟದ ತಟ್ಟೆ ಪಕ್ಕ ಕಂಡ್ರೆ ಮನಸ್ಸಿಗೆ ಒಂಥರಾ ಆಗತ್ತೆ. ಆವತ್ತಿಗೆ ಸೂರ್ಯಕಾಂತಿ, ಕಿತ್ತಳೆ ಗುಲಾಬಿ, ಜೊತೆಗೆ ನಮ್ಮ ಕೋಳಿಜುಟ್ಟಿನ ಹೂ ಇಡಿ, ಇಲ್ಲಿ ಸೆಲೋಶಿಯಾ ಅಂತ ಸಿಗತ್ತೆ.

ಪ್ರಶ್ನೆ: ಬಾಗಿಲಿಗೆ ಮಾವಿನೆಲೆ ತೋರಣ ಇಲ್ಲದೇ ಹಬ್ಬ ಅನ್ಸಲ್ಲ. ಬೆಂಗಳೂರಿಂದ ಬರೋರ ಕೈಲಿ ತರಿಸ್ಲಾ? (ಅಟ್ಲಾಂಟಾ)

ಉತ್ತರ: ಎಲೆ ತರಿಸೋ ಸಹವಾಸ ಬೇಡ. ಗಿಡಕ್ಕೆ ಸಂಬಂಧಪಟ್ಟಿದ್ದು ಏನೇ ತಂದ್ರೂ ಏರ್‌ಪೋರ್ಟಲ್ಲಿ ಡಿಕ್ಲೇರ್ ಮಾಡ್ಲೇಬೇಕು, ಹಸಿ ಕರಿಬೇವನ್ನಂತೂ ನಿಂಬೆ ಕಿತ್ತಳೆ ತೋಟಕ್ಕೆ ರೋಗ ತರತ್ತೆ ಅಂತ ಬಿಡೋದೇ ಇಲ್ಲ. ನೀವಿರೋ ಊರಲ್ಲಿ ಬೀದಿ ಬೀದೀಲಿ ಮ್ಯಾಗ್ನೋಲಿಯಾ ಮರ ಇದೆಯಲ್ಲ, ಅದರ ಎಲೆ ನೋಡಿ. ಮೇಲೆ ಎಣ್ಣೆ ಸವರಿದ ಹಾಗೆ ಹೊಳೆಯೋ ಹಸಿರು, ತಿರುಗಿಸಿದ್ರೆ ಕಂದು ಮಖಮಲ್ಲು, ಬೆರಳಾಡಿಸಿದ್ರೆ ಕರುವಿನ ಕಿವಿ ಮುಟ್ಟಿದ ಹಾಗಿರತ್ತೆ. ಚಳಿಗಾಲದಲ್ಲೂ ಉದುರಲ್ಲ. ನಾನು ಒಮ್ಮೆ ಅಲ್ಲಿ ತಂಗಿ ಮನೇಲಿದ್ದಾಗ ಒಂದು ಎಲೆ ಮೇಲ್ಮುಖ ಒಂದು ಎಲೆ ಕೆಳಮುಖ ಮಾಡಿ ಪೋಣಿಸಿದ್ದೆ, ಹಸಿರು ಕಂದು ಹಸಿರು ಕಂದು ಅಂತ ಶರತ್ಕಾಲದ ಬಣ್ಣಾನೇ ಬಾಗಿಲಿಗೆ ಬಂತು, ನೀರಿಲ್ಲದೇ ವಾರಗಟ್ಟಲೆ ಇತ್ತು. ಬಾಗಿಲು ಸಾಮಾನ್ಯವಾಗಿ 36 ಇಂಚು ಅಗಲ, ಎಲೆ ಸುಮಾರು 3 ಇಂಚು, ಹಾಗಾಗಿ 11 ಅಥವಾ 13 ಎಲೆ ಸಾಕು. ಎಲೆ ಗಟ್ಟಿ ಇರತ್ತೆ, ದಪ್ಪ ಸೂಜೀಲಿ ಮೊದಲು ತೂತು ಮಾಡ್ಕೊಳಿ. ಮರ ಬೇರೆಯವರದ್ದಾದ್ರೆ ಕೇಳಿ ಕೊಯ್ಯಿರಿ.

ಪ್ರಶ್ನೆ: ನಾವು ಮಂಗಳೂರಿನ ಕ್ರಿಶ್ಚಿಯನ್ನರು, ಊರಲ್ಲಿ ಮೇರಿಯಮ್ಮನ ಹುಟ್ಟುಹಬ್ಬದ ಮೊಂತಿ ಫೆಸ್ತ್‌ಗೆ ಮಕ್ಕಳು ಬುಟ್ಟೀಲಿ ಹೂ ಹಿಡ್ಕೊಂಡು ಇಗರ್ಜಿಗೆ ಹೋಗ್ತಿದ್ವಿ, ಹೊಸ ತೆನೆ ಮನೆಗೆ ತರ್ತಿದ್ವಿ. ಇಲ್ಲಿ ಥ್ಯಾಂಕ್ಸ್‌ಗಿವಿಂಗ್‌ಗೆ ನಮ್ಮ ಮಕ್ಕಳ ಕೈಲೂ ಏನಾದ್ರೂ ಮಾಡಿಸ್ಬೇಕು ಅಂತಾಸೆ. (ಮಿಸ್ಸಿಸಾಗಾ, ಕೆನಡಾ)

ಉತ್ತರ: ಕೆನಡಾದಲ್ಲಿ ಈ ಹಬ್ಬ ಅಕ್ಟೋಬರ್ ಎರಡನೇ ಸೋಮವಾರಾನೇ ಬರೋದ್ರಿಂದ ನಿಮಗೆ ಹೂವಿಗೆ ಬರ ಇಲ್ಲ. ಫ್ರಾಸ್ಟ್ ಬೀಳದಿದ್ರೆ ಡೇಲಿಯಾ ಇನ್ನೂ ಗಿಡದಲ್ಲೇ ಇರತ್ತೆ, ಬೆಳಿಗ್ಗೆ ಬೇಗ ಮಕ್ಕಳ ಕೈಗೆ ಬುಟ್ಟಿ ಕೊಟ್ಟು ಕಳ್ಸಿ, ಪೂರ್ತಿ ಅರಳಿದ್ದನ್ನೇ ಕೊಯ್ಯೋಕೆ ಹೇಳಿ, ಡೇಲಿಯಾ ಮೊಗ್ಗು ಕೊಯ್ದ ಮೇಲೆ ಅರಳಲ್ಲ. ಅದರ ಜೊತೆ ಕೆಂಪಾದ ಮೇಪಲ್ ಎಲೆ ಆರಿಸ್ಕೊಂಡು ಬರ್ಲಿ, ಒದ್ದೆ ಇರೋದು ಬೇಡ. ಎರಡು ವ್ಯಾಕ್ಸ್ ಪೇಪರ್ ಮಧ್ಯೆ ಎಲೆ ಇಟ್ಟು, ಮೇಲೊಂದು ಹಳೇ ಟವೆಲ್ ಹಾಸಿ ನೀವು ಇಸ್ತ್ರಿ ಮಾಡ್ಕೊಡಿ, ಮೇಣ ಎಲೆಗೆ ಅಂಟಿ ಬಣ್ಣ ಹಾಗೇ ನಿಲ್ಲತ್ತೆ. ಎಲೆಯ ಸುತ್ತ ಕತ್ತರಿಸಿ ಅದರ ಮೇಲೆ ಊಟಕ್ಕೆ ಬರೋರ ಹೆಸರು ಮಕ್ಕಳೇ ಬರೀಲಿ, ತಟ್ಟೆಗೊಂದು. ಕೊಂಕಣಿ ಹೆಸರನ್ನ ನಮ್ಮ ಕನ್ನಡ ಅಕ್ಷರದಲ್ಲೇ ಬರೆಸಿ, ಕೆಳಗೆ ಸಣ್ಣದಾಗಿ ಇಂಗ್ಲಿಷಲ್ಲೂ ಇರ್ಲಿ, ಪಕ್ಕದ ಮನೆಯವರು ಬಂದಾಗ ತಮ್ಮ ಕುರ್ಚಿ ಯಾವ್ದು ಅಂತ ಗೊತ್ತಾಗ್ಬೇಕಲ್ಲ.