ಹಿಂದೂ ಗೆಳೆಯನಿಗೆ ಸುವಾರ್ತೆ (ಯೇಸುವಿನ ಸಂದೇಶ) ಹೇಳಲು ಬೈಬಲಿನ ಯಾವ ವಾಕ್ಯ ಒಳ್ಳೆಯದು? ಹೇಳದೆ ಸುಮ್ಮನಿದ್ದರೆ, ಎಲ್ಲ ಜನಾಂಗದವರನ್ನು ಶಿಷ್ಯರನ್ನಾಗಿ ಮಾಡಿ ಎಂಬ ಮತ್ತಾಯ 28:19 ಮೀರಿದಂತೆಯೇ? ಎಂದು ಕೇಳಿದ್ದೀರಿ.

ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನೊಬ್ಬ ಗೆಳೆಯನನ್ನು ಕಳೆದುಕೊಂಡೆ.

ಶಿಡ್ಲಘಟ್ಟದಲ್ಲಿ ನಮ್ಮಪ್ಪ ಆ ಗೆಳೆಯನ ಮನೆಯಲ್ಲೇ ರೇಷ್ಮೆ ನೂಲು ತೆಗೆಯುತ್ತಿದ್ದರು. ಅವನೂ ನಾನೂ ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಒಂದೇ ಗಾಡಿಯಲ್ಲಿ ಹೋಗುತ್ತಿದ್ದೆವು. ಅವರಮ್ಮ ತೀರಿಕೊಂಡ ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದು ಜಗಲಿಯ ಮೇಲೆ ಕೂತಿದ್ದ. ಆ ವಾರವಷ್ಟೇ ನಮಗೆ ಯುವಜನರ ಕೂಟದಲ್ಲಿ ಮಾರ್ಕ 16:15–16 ಬಾಯಿಪಾಠ ಮಾಡಿಸಿದ್ದರು: ಲೋಕಕ್ಕೆಲ್ಲ ಹೋಗಿ ಸುವಾರ್ತೆ ಸಾರಿ, ನಂಬಿದವನಿಗೆ ರಕ್ಷಣೆ, ನಂಬದವನಿಗೆ ದಂಡನೆ. ಅದನ್ನೇ ಹೇಳಿದೆ. ಅವನು ತಲೆಯೆತ್ತಿ, "ಅಂಗಾದ್ರೆ ನಮ್ಮಮ್ಮ?" ಅಂದ. ಆ ತಾಯಿಯ ಕೈಯ ಮುದ್ದೆ ಉಂಡು ಬೆಳೆದ ನಾನು ಹದಿನಾರನೇ ವಚನವನ್ನು ಇನ್ನೊಂದು ಸಲ ಹೇಳಿದೆ.

ಸಮಯ ಸರಿಯಿರಲಿಲ್ಲ ಅಷ್ಟೇ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ತಪ್ಪು ಅದಕ್ಕಿಂತ ಆಳದ್ದು. ನಾನು ವಾಕ್ಯಗಳನ್ನು ಅರ್ಧರ್ಧ ಕಲಿತಿದ್ದೆ. ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎಂಬ 1 ಪೇತ್ರ 3:15 ಗೊತ್ತಿತ್ತು. ಆ ಉತ್ತರ ಸಾತ್ವಿಕತೆಯಿಂದ ಬರಬೇಕು ಎಂದು ಅಲ್ಲೇ ಮುಂದೆ ಇರುವುದು ಗೊತ್ತಿರಲಿಲ್ಲ. ಇನ್ನೂ ಒಂದಿದೆ. ಮಾರ್ಕ 16ರ 9ರಿಂದ 20ರವರೆಗಿನ ಭಾಗ ನಾಲ್ಕನೇ ಶತಮಾನದ ಸಿನಾಯ್ಟಿಕಸ್, ವ್ಯಾಟಿಕಾನಸ್ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಮಾರ್ಕನೇ ಬರೆದದ್ದೋ ಅಲ್ಲವೋ ಎಂದು ಪಂಡಿತರು ತಕರಾರು ಮಾಡುವ ಸಾಲಿನ ಮೇಲೆ ನಿಂತು ನಾನು ಅವರಮ್ಮನಿಗೆ ತೀರ್ಪು ಕೊಟ್ಟಿದ್ದೆ.

ನಿಮ್ಮ ಮತ್ತಾಯ 28, ಗಲಿಲಾಯದ ಬೆಟ್ಟದಲ್ಲಿ ಯೇಸು ಹನ್ನೊಂದು ಶಿಷ್ಯರಿಗೆ ಹೇಳಿದ ಮಾತು. ಅದು ಆ ಶಿಷ್ಯರಿಗೆ, ಅಂದರೆ ಅಪೊಸ್ತಲರಿಗೆ, ಮಾತ್ರ ಎನ್ನುವ ಪ್ರೊಟೆಸ್ಟಂಟರು ಬಹಳ ಮಂದಿ ಇದ್ದರು. ಎಲ್ಲ ಕಾಲದವರಿಗೂ ಸೇರಿದ್ದು ಎಂದು, ಮುಂದೆ ಬಂಗಾಳಕ್ಕೆ ಮಿಷನರಿಯಾಗಿ ಬಂದ ವಿಲಿಯಂ ಕೇರಿ 1792ರಲ್ಲಿ ವಾದಿಸಿದರು. ನಾನು ಈಗಲೂ ಕೇರಿಯವರ ಪಕ್ಷವೇ. ಆದರೆ 20ನೇ ವಚನ ಬಿಡಬೇಡಿ: ನಾನು ಆಜ್ಞಾಪಿಸಿದ್ದನ್ನೆಲ್ಲ ಕಲಿಸಿ ಎನ್ನುತ್ತದೆ. ತೀರ್ಪು ಮಾಡಬೇಡಿ ಎಂಬ ಆಜ್ಞೆಯೂ ಅದೇ ಮತ್ತಾಯದ 7:1ರಲ್ಲಿದೆ.

ಹಾಗಾಗಿ ಯಾವ ವಾಕ್ಯ ಎಂದು ಕೇಳುವುದನ್ನೇ ಬಿಡಿ. ಅವನೇ ಕೇಳುವವರೆಗೆ ಸುಮ್ಮನಿದ್ದರೆ ಆಜ್ಞೆ ಮೀರಿದಂತಾಗುವುದಿಲ್ಲ. ಅವನ ಮನೆಯಲ್ಲಿ ಕಷ್ಟ ಬಂದ ದಿನ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು.

ಹೋದ ವರ್ಷ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಒಳಗೆ ಕರೆದ, ಕಾಫಿ ಕೊಟ್ಟ, ಗೂಡಿನ ರೇಟಿನ ಬಗ್ಗೆ ಮಾತಾಡಿದ. ನಾನು ಕೇಳಿದ್ದಕ್ಕೆ ಇನ್ನೂ ಏನೂ ಹೇಳಿಲ್ಲ.